ಬೇವಿನ ಹೂವಿನ ಕೈಗಳು

ಈ ವರ್ಷ ಮಾರ್ಚ್ ತಿಂಗಳ ಮೊದಲ ಸೋಮವಾರ, ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ಜಾಲತಾಣದಲ್ಲಿ ಯುಗಾದಿಯ ಪೋಸ್ಟರ್ ಪ್ರಕಟವಾಯಿತು. ಅದರಲ್ಲಿದ್ದದ್ದು ಬೇವಿನ ಹೂ ಬಿಡಿಸುತ್ತಿರುವ ಎರಡು ಮುದಿ ಕೈಗಳ ಫೋಟೋ. ಕೆಳಮೂಲೆಯಲ್ಲಿದ್ದ ಫೋಟೋ ತೆಗೆದವರ ಹೆಸರನ್ನು ಮುಚ್ಚುವಂತೆ, ಪ್ರಾಯೋಜಕರಾದ ಕ್ಯಾಂಟನ್‌ನ ದಿನಸಿ ಅಂಗಡಿಯ ಲಾಂಛನ ಕೂತಿತ್ತು. ಕೂಟದ ಪ್ರಕಟಣೆಗಳನ್ನು ನೋಡಿ ಒಪ್ಪಿಗೆ ಕೊಡುವವನು ನಾನು. ಎರಡು ಕಾಗುಣಿತದ ತಪ್ಪು ತಿದ್ದಿದೆ. ಚಿತ್ರ ಎಲ್ಲಿಂದ ಬಂತೆಂದು ಕೇಳಲಿಲ್ಲ.

ಆ ಶನಿವಾರ ಪಕ್ಕದ ಊರು ಲಿವೋನಿಯಾದಲ್ಲಿ ಸಮಿತಿ ಸಭೆ ಸೇರಿದಾಗ ಫೋಟೋ ತೆಗೆದವಳೇ ಬಂದಳು. ಇಲ್ಲೇ ಹುಟ್ಟಿದವಳು, ಕೂಟದ ಹಳೆಯ ಸದಸ್ಯರ ಮಗಳು. ಆ ಕೈಗಳು ಮೈಸೂರಿನಲ್ಲಿರುವ ಅವಳ ಅಜ್ಜಿಯವು. ಚಿತ್ರವನ್ನು ಶಿಕಾಗೋದ ಕ್ಯಾಲೆಂಡರ್ ಕಂಪನಿಯೊಂದಕ್ಕೆ ಕೊಟ್ಟು, ಒಂದು ವರ್ಷ ಬೇರೆ ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿದ್ದಳು. ಕಂಪನಿ ನಮ್ಮ ಪೋಸ್ಟರ್ ನೋಡಿ ಅವಳಿಂದ ವಿವರಣೆ ಕೇಳಿತ್ತು.

"ಅಂಕಲ್, ಯೂ ನೆವರ್ ಆಸ್ಕ್ಡ್ ಮೀ," ಎಂದಳು.

"ನೆಟ್‌ನಲ್ಲಿತ್ತು, ತಗೊಂಡ್ವಿ. ನಮ್ಮನೆ ಮಗು ನೀನು, ನಿನಗೂ ಅರ್ಜಿ ಹಾಕ್ಬೇಕಿತ್ತೇನಮ್ಮ?" ಎಂದರು ಕಾರ್ಯದರ್ಶಿ.

ಖಜಾಂಚಿ ನಕ್ಕರು. "ನಿಮ್ಮಜ್ಜಿ ಕೈಗೂ ಕಾಪಿರೈಟಾ?"

"ಕೈಗಲ್ಲ ಅಂಕಲ್, ಫೋಟೋಗೆ. ನನ್ನ ಹೆಸರಿನ ಮೇಲೆ ಅಂಗಡಿ ಲೋಗೋ ಹಾಕಿದೀರ."

"ಚಿಕ್ಕವಳಿದ್ದಾಗ ನಮ್ಮ ಸ್ಟೇಜ್ ಮೇಲೇ ಕುಣಿದ್ಯಲ್ಲ, ಆಗ ನಾವು ಬಿಲ್ ಕಳ್ಸಿದ್ವಾ?" ಎಂದರು ಖಜಾಂಚಿ.

ಅವಳು ಕೇಳಿದ್ದು ಎರಡೇ. ಪೋಸ್ಟರ್ ತೆಗೆಯಬೇಕು, ತನ್ನ ಅನುಮತಿ ಇಲ್ಲದೆ ಬಳಸಿದೆವೆಂದು ಕೂಟ ಬರೆದುಕೊಡಬೇಕು. ಮೊದಲನೆಯದಕ್ಕೆ ಕಾರ್ಯದರ್ಶಿ ಒಪ್ಪಿದರು.

"ಬರೆದುಕೊಟ್ರೆ ನಾವೇ ಕಳ್ಳರು ಅಂತ ಒಪ್ಕೊಂಡ ಹಾಗೆ. ಅದಾಗಲ್ಲ," ಎಂದರು.

"ಪೋಸ್ಟರ್ ಪಾಸ್ ಮಾಡಿದ್ದು ನಾನು. ನಾನೇ ಬರೀತೀನಿ," ಎಂದೆ.

"ಬರೀರಿ ಸಾರ್, ನಿಮ್ಮನೆ ಪೇಪರ್ ಮೇಲೆ. ಕೂಟದ ಲೆಟರ್‌ಹೆಡ್ ಮುಟ್ಟಬೇಡಿ."

ಉಳಿದವರು ಕಾರ್ಯದರ್ಶಿಯ ಕಡೆಗೇ ನಿಂತರು. ಅವರಲ್ಲಿ ಇಬ್ಬರು ವಾರೆನ್‌ನಲ್ಲಿ ಕಾರಿನ ವಿನ್ಯಾಸ ಮಾಡುವವರು. ಕಚೇರಿಯ ಒಂದು ನಕ್ಷೆಯನ್ನೂ ಅನುಮತಿ ಇಲ್ಲದೆ ಮನೆಗೆ ತರುವವರಲ್ಲ. ನಾನು ಅಲ್ಲೇ ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಸಹಿ ಹಾಕಿದೆ. ಅವಳು ಓದಿ, ಮಡಿಸಿ ಚೀಲದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಹೊರಟಳು.

"ಇಲ್ಲಿ ಹುಟ್ಟಿದ ಮಕ್ಕಳೇ ಹೀಗೆ," ಎಂದು ಖಜಾಂಚಿ ಕಾಫಿ ಬಗ್ಗಿಸಿಕೊಂಡರು.

ಜಾಲತಾಣದಿಂದ ಪೋಸ್ಟರನ್ನು ಅಂದೇ ತೆಗೆದರು. ಕ್ಯಾಲೆಂಡರ್ ಕಂಪನಿ ಕೂಟದ ಪತ್ರವೇ ಬೇಕೆಂದಿತು; ನನ್ನದನ್ನು ಒಪ್ಪಲಿಲ್ಲ. ಅವಳ ಜೊತೆಗಿನ ಒಪ್ಪಂದ ರದ್ದಾಯಿತು. ಅವಳ ತಂದೆತಾಯಿ ಯುಗಾದಿಗೆ ಬರಲಿಲ್ಲ.

ಕಳೆದ ವಾರ ಸಾಮಾನು ತರಲು ಕ್ಯಾಂಟನ್‌ಗೆ ಹೋಗಿದ್ದೆ. ಪ್ರಾಯೋಜಕರ ಅಂಗಡಿಯ ಗಾಜಿನ ಬಾಗಿಲಿಗೆ ಆ ಪೋಸ್ಟರ್‌ನ ಅಚ್ಚಾದ ಪ್ರತಿ ಇನ್ನೂ ಅಂಟಿಕೊಂಡಿತ್ತು. ಮೂಲೆಯಲ್ಲಿ ಅವಳ ಹೆಸರಿನ ಮೇಲೆ ಲಾಂಛನ ಹಾಗೇ ಇತ್ತು.