ಟೀವಿಯ ಅತ್ತೆಗೆ ನೀಲವ್ವ ಹಾಕಿದ ಶಾಪ

ಲಟ್, ಲಟ್, ಲಟ್. ಸಂಜೆ ಏಳಕ್ಕೆ ಸರಿಯಾಗಿ ಗೋಡೆಯ ಆಚೆಯಿಂದ ಮೊದಲು ಧಾರಾವಾಹಿಯ ಟೈಟಲ್ ಮ್ಯೂಸಿಕ್ ಬರುತ್ತಿತ್ತು, ಅದರ ಬೆನ್ನಿಗೇ ನೀಲವ್ವ ಹತ್ತೂ ಬೆರಳಿನ ಲಟಿಕೆ ಮುರಿಯುವ ಸದ್ದು. ಒಣ ಕಟ್ಟಿಗೆ ಮುರಿದ ಹಾಗೆ. ಆಮೇಲೆ ಆಕೆಯ ಧ್ವನಿ: "ನಿನ್ನ ಬಾಯಾಗ ಮಣ್ಣ ಬೀಳ್ಲಿ! ಈ ಅಮಾಸಿ ದಾಟಬ್ಯಾಡ ನೀ!"

ಹೊಸಬರು ಯಾರಾದರೂ ನಮ್ಮ ಮನೆಗೆ ಬಂದಿದ್ದರೆ ಚಹಾದ ಕಪ್ಪು ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದರು. "ನಥಿಂಗ್ ಟು ವರಿ," ಅನ್ನುತ್ತಿದ್ದೆ ನಾನು. "ಬಾಜೂ ಮನಿಯಾಕಿ ಟೀವಿ ನೋಡಾಕತ್ತಾಳ."

ನಾನು ಧಾರಾವಾಹಿ ನೋಡುವವಳಲ್ಲ. ಹುಬ್ಬಳ್ಳಿಯಲ್ಲಿ ಕಾನ್ವೆಂಟ್ ಕಲಿತು, ಸವಣೂರಿನ ಮಕ್ಕಳಿಗೆ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಅದೆಲ್ಲ ಸೆಂಟಿಮೆಂಟಲ್ ನಾನ್ಸೆನ್ಸ್. ಆದರೆ ಗೋಡೆ ತೆಳ್ಳಗಿತ್ತು. ಆನೆಸ್ಟ್ಲಿ ಹೇಳಬೇಕೆಂದರೆ, ಏಳಕ್ಕೆ ನನ್ನ ಕುರ್ಚಿ ತಾನಾಗಿಯೇ ಆ ಗೋಡೆಯ ಕಡೆ ಸರಿದಿರುತ್ತಿತ್ತು.

ನೀಲವ್ವನದು ಊರ ಹೊರಗೆ ಅರ್ಧ ಎಕರೆ ಎಲೆ ತೋಟ. ಬೆಳಿಗ್ಗೆ ಕೊಯ್ದ ವೀಳ್ಯದೆಲೆಯನ್ನು ಸಂಜೆ ಟೀವಿಯ ಮುಂದೆ ಹಸಿ ಗೋಣಿಚೀಲದ ಮೇಲೆ ಹರವಿಕೊಂಡು ಎಣಿಸಿ ಕಟ್ಟು ಕಟ್ಟುವುದು ಆಕೆಯ ಕ್ರಮ. ಆಕೆ ಬೈಯುವ ರಭಸದಲ್ಲಿ ಎಣಿಕೆ ತಪ್ಪಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. "ನಲವತ್ತೆರಡು, ನಿನ್ನ ಮೂಗುತಿ ಉದುರ್ಲಿ, ನಲವತ್ಮೂರು." ಹೀಗೆ ಎಂಟು ವರ್ಷ ದಿನಾ ಬೈಸಿಕೊಂಡವಳು ಧಾರಾವಾಹಿಯ ಕೆಟ್ಟ ಅತ್ತೆ. ದೊಡ್ಡ ಹರಳಿನ ಮೂಗುತಿ ಇಟ್ಟು, ಬಡಪಾಯಿ ಸೊಸೆಯ ಹಾಲಿಗೆ ಏನೇನೋ ಬೆರೆಸುತ್ತಿದ್ದ ಆ ನಟಿಯ ಖರೇ ಹೆಸರು ನಮ್ಮ ಓಣಿಯಲ್ಲಿ ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಆಕೆ ಮೂಗುತಿ ಅತ್ತಿ.

ಆಶ್ಚರ್ಯವೆಂದರೆ, ಟೀವಿ ಆರಿಸಿದ ನೀಲವ್ವನಷ್ಟು ಸೌಮ್ಯ ಹೆಂಗಸು ಇಡೀ ಸವಣೂರಿನಲ್ಲಿ ಇರಲಿಲ್ಲ. ಮಂದಿಯ ಆಡು ಆಕೆಯ ಬಳ್ಳಿ ಮೇಯ್ದು ಹೋದರೂ "ಇರ್ಲಿ ಬಿಡ್ರಿ, ಅದಕ್ಕೇನ್ ಗೊತ್ತು" ಅನ್ನುವಳು. ಅಂಗಡಿಯವನು ಹುಳುಕು ಬದನೆಕಾಯಿ ಕೊಟ್ಟರೂ ಅದೇ ಮಾತು. ಅದನ್ನು ನಾನು ಸಾತ್ವಿಕತೆ ಅಂದುಕೊಂಡಿದ್ದೆ. ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೇಳಿದ್ದರೆ ಇಂಗ್ಲಿಷಿನಲ್ಲೇ ಬರೆದುಕೊಡುತ್ತಿದ್ದೆ.

ಟೀವಿಯವರೆಲ್ಲ ಆಕೆಗೆ ಬೀಗರು ಬಿಜ್ಜರ ಹಾಗೆ. ಮುಂಜಾನೆ ಭವಿಷ್ಯ ಹೇಳುತ್ತಿದ್ದ ಗುರುಗಳು ತೀರಿಕೊಂಡಾಗ ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ಮಧ್ಯಾಹ್ನದ ಅಡುಗೆ ಕಾರ್ಯಕ್ರಮದವನು ಹಾರ್ಟ್ ಅಟ್ಯಾಕಿನಿಂದ ಹೋದಾಗ, ಅವನು ಕೊನೆಗೆ ತೋರಿಸಿದ್ದ ಪನೀರಿನ ಪಲ್ಯವನ್ನೇ ಮಾಡಿ ಅವನ ಹೆಸರಿನಲ್ಲಿ ಎಡೆ ಇಟ್ಟಳು. ನನಗೂ ಒಂದು ಬಟ್ಟಲು ಬಂತು. ತಿಂದೆ. "ಹೆಂಗೈತ್ರಿ ಅಕ್ಕಾರ?" ಅಂದಳು. ನಮ್ಮ ಕಡೆ ಟೀಚರ್ ಹೆಂಗಸರನ್ನು ಹಾಗೆಯೇ ಕರೆಯುವುದು. ನಾನು ಮಾತಿಗೆ ಹುಡುಕುತ್ತಿದ್ದೆ. ಆಕೆಯೇ ಹೇಳಿದಳು: "ಪಲ್ಯಾ ಸುಮಾರ ಐತಿ. ಮನಷ್ಯಾ ಭಾಳ ಛಲೋ ಇದ್ದ."

ಹೀಗಿರುವಾಗ ಒಂದು ದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ನಿಂತಳು. ಎರಡೂ ಕೈ ಸೆರಗಿನೊಳಗೆ. ಮುಖ ಬೂದಿ ಬಣ್ಣ.

"ಅಕ್ಕಾರ, ಮೂಗುತಿ ಅತ್ತಿ ಸತ್ಲು."

"ಧಾರಾವಾಹಿಯಾಗ?"

"ಖರೇನ ಸತ್ಲು. ಟೀವ್ಯಾಗ ಫೋಟೋಕ್ಕ ಮಾಲಿ ಹಾಕ್ಯಾರ." ಸೆರಗಿನೊಳಗಿನ ಕೈ ಇನ್ನೂ ಒಳಗೆ ಎಳೆದುಕೊಂಡು, "ನಾಳೆ ಅಮಾಸಿರಿ," ಅಂದಳು.

ನನಗೆ ನಗು ಬಂತು. ನಗಬಾರದಿತ್ತು. "ನೀಲವ್ವ, ಡೋಂಟ್ ಬಿ ಸಿಲ್ಲಿ," ಅಂದೆ. ಆಕೆಗೆ ಇಂಗ್ಲಿಷ್ ಬರದಿದ್ದರೂ ನಗು ತಿಳಿಯುತ್ತಿತ್ತು. ಹಾಗೇ ತಿರುಗಿ ಹೋದಳು. ಅಂದು ಸಂಜೆ ಗೋಡೆಯ ಆಚೆ ಸದ್ದಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಹೋಗಿ ನೋಡಿದರೆ ತೋಟದಲ್ಲಿ ಎಲೆ ಕೊಯ್ಯದೆ ಬಳ್ಳಿಯಲ್ಲೇ ಹಣ್ಣಾಗುತ್ತಿತ್ತು, ಮನೆಯಲ್ಲಿ ನೀಲವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ನಾ ಹೋಗಿ ಮಾತಾಡ್ಸಿ ಬರಬೇಕ್ರಿ," ಅಂದಳು. ಸತ್ತವರ ಮನೆಗೆ ಹೋಗಿ, ಅವರ ಜೊತೆ ಕೂತು ಅತ್ತು ಬರುವುದಕ್ಕೆ ನಮ್ಮಲ್ಲಿ ಮಾತಾಡಿಸುವುದು ಅನ್ನುತ್ತಾರೆ. "ಆದರ ಎಲ್ಲಿಗೆ ಹೋಗ್ಲಿ? ಟೀವ್ಯಾಗಿನವರ ಮನಿ ಎಲ್ಲಿ ಇರ್ತೈತಿ?"

ಉತ್ತರ ಸಿಕ್ಕಿದ್ದು ಹಾನಗಲ್ಲಿನಿಂದ. ಆಕೆಯ ಎಲೆ ಕೊಳ್ಳುವ ಅಲ್ಲಿನ ವ್ಯಾಪಾರಿ ಫೋನಿನಲ್ಲಿ ಹೇಳಿದ: ಮೂಗುತಿ ಅತ್ತಿಯ ಒಡಹುಟ್ಟಿದ ಅಕ್ಕ ಶಿವಕ್ಕ ಅಂತ, ಅವನ ಅಂಗಡಿಯ ಹಿಂದಿನ ಓಣಿಯಲ್ಲೇ ಇದ್ದಾಳೆ. ಮಾತು ಮುಗಿಯುವ ಮೊದಲೇ ನೀಲವ್ವ ಎದ್ದು ಹಿಟ್ಟು ಕಲಸಲು ಕೂತಳು. ಸಾವಿನ ಮನೆಗೆ ರೊಟ್ಟಿ ಬುತ್ತಿ ಇಲ್ಲದೆ ಹೋಗಬಾರದು. "ನೀವೂ ಬರ್ರಿ ಅಕ್ಕಾರ. ದೊಡ್ಡ ಮಂದಿ ಮನಿ, ನನಗ ಮಾತು ಬರಂಗಿಲ್ಲ."

ಮಾತು ಬರುವವಳೆಂದು ನಾನು ಹೊರಟೆ. ಬಸ್ಸಿನಲ್ಲಿ ಮನಸ್ಸಿನೊಳಗೇ ಒಂದು ಕಂಡೋಲೆನ್ಸ್ ಸ್ಪೀಚ್ ರೆಡಿ ಮಾಡುತ್ತಿದ್ದೆ. ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ ನೀಲವ್ವ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

"ನಮ್ಮ ಅತ್ತಿಗೂ ಹಿಂಗ ಅಂದಿದ್ದೆ ರೀ. ಹೊಸಾ ಸೊಸಿ ನಾ. ದಪ್ಪ ಬಡದೀ ಅಂತ ನಾ ಮಾಡಿದ ರೊಟ್ಟಿ ಎಲ್ಲಾ ಎತ್ತಿ ಎಮ್ಮಿ ಮುಂದ ಒಗದ್ಲು. ಒಲಿ ಹಿಂದ ನಿಂತು ಲಟಿಕಿ ಮುರದೆ, ಈ ಅಮಾಸಿ ದಾಟಬ್ಯಾಡ ಅಂದೆ. ದಾಟ್ಲಿಲ್ರಿ. ಜ್ವರಾ ಬಂತು, ಹೋದ್ಲು. ಅವತ್ತಿನಿಂದ ಜೀವಂತ ಮನಷ್ಯಾರಿಗೆ ಒಂದು ಮಾತು ಅಂದಿಲ್ಲ ನಾ. ಟೀವ್ಯಾಗಿನವರು ಗಾಜಿನ ಒಳಗ ಅದಾರ, ಅವರಿಗೆ ತಾಗಂಗಿಲ್ಲ ಅಂದ್ಕೊಂಡಿದ್ದೆ."

ನನ್ನ ಸ್ಪೀಚ್ ಅಲ್ಲಿಗೆ ನಿಂತಿತು. ಐವತ್ತು ವರ್ಷ ಹುಳುಕು ಬದನೆಕಾಯಿಗೂ ಸಿಟ್ಟು ಮಾಡದ ಹೆಂಗಸು. ಅದು ಸಾತ್ವಿಕತೆಯಲ್ಲ, ಹೆದರಿಕೆ. ನಾನು ಬರೆಯಬೇಕೆಂದಿದ್ದ ಸರ್ಟಿಫಿಕೇಟ್ ಹರಿದುಹಾಕಬೇಕಾಯಿತು.

ಶಿವಕ್ಕನದು ದೊಡ್ಡ ಮಂದಿಯ ಮನೆಯೇನಲ್ಲ. ಎರಡು ಖೋಲಿ, ಅಂಗಳದಲ್ಲಿ ಒಣಹಾಕಿದ ಶೇಂಗಾ. ಶಿವಕ್ಕ ನೋಡಲು ತಂಗಿಯ ಹಾಗೆಯೇ, ಮೂಗುತಿ ಮಾತ್ರ ಸಣ್ಣದು. ನಾನು ಕೈ ಮುಗಿದು, "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು" ಎಂದು ಶುರುಮಾಡುವಷ್ಟರಲ್ಲಿ ನೀಲವ್ವ ಆಕೆಯ ಕೊರಳಿಗೆ ಬಿದ್ದು ಹೋ ಎಂದು ಅಳತೊಡಗಿದಳು. ಶಿವಕ್ಕನೂ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಆಕೆ ಕಣ್ಣೊರೆಸಿಕೊಂಡು ಕೇಳಿದಳು: "ನೀ ಯಾರವ್ವ?"

"ನಿಮ್ಮ ತಂಗೀನ ಕೊಂದಾಕಿ ನಾನು."

ನಾನು ಅವಸರದಿಂದ ವಿವರಿಸಬೇಕಾಯಿತು. ಧಾರಾವಾಹಿ, ಎಲೆ ಕಟ್ಟು, ಲಟಿಕೆ, ಅಮಾವಾಸ್ಯೆ, ಎಲ್ಲ. ಶಿವಕ್ಕ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಎಷ್ಟು ವರ್ಷ ಬೈದಿ?"

"ಎಂಟು ವರ್ಷ ರೀ."

"ದಿನಾ?"

"ಐತವಾರ ಬಿಟ್ಟು."

"ಎಂಟು ವರ್ಷಕ್ಕ ನೂರರ ಹತ್ರ ಅಮಾಸಿ ಆದುವಲ್ಲವ್ವ. ಅವನ್ನೆಲ್ಲಾ ಟಣ್ಣಂತ ಜಿಗದು ದಾಟಿದಾಕಿ ಒಂದ ದಾಟ್ಲಿಲ್ಲ ಅಂದ್ರ ಅದು ನಿನ್ನ ನಾಲಿಗಿ ಅಲ್ಲ, ಆಕಿ ಕಿಡ್ನಿ." ಶಿವಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮತ್ತ ನೀ ಒಬ್ಬಾಕಿನ ಏನು? ಒಡಹುಟ್ಟಿದಾಕಿ ನಾನೂ ಬೈತಿದ್ದೆ. ಆ ಸೊಸಿ ಹಾಲಿಗೆ ಕೈ ಹಚ್ಚಿದ್ಲಂದ್ರ ತಡಕೊಳ್ಳಾಕ ಆಗ್ತಿರಲಿಲ್ಲ. ಫೋನ್ ಹಚ್ಚಿ ಬೈತಿದ್ದೆ. 'ಇವತ್ತು ಎಷ್ಟು ಸಿಟ್ಟು ಬಂತು ಹೇಳಕ್ಕ' ಅಂತ ಕೇಳಿ ಕೇಳಿ ನಗ್ತಿದ್ಲು ಮುಂಡೇದು." ಆ ಬೈಗುಳ ಬಾಯಿಂದ ಬೀಳುತ್ತಲೇ ಮತ್ತೆ ಅತ್ತಳು.

ನೀಲವ್ವ ಗಂಟು ಬಿಚ್ಚಿ, ರೊಟ್ಟಿ ಮುರಿದು ಶಿವಕ್ಕನ ಕೈಗಿಟ್ಟಳು. ಇಬ್ಬರೂ ಕೂತು ಮೂಗುತಿ ಅತ್ತಿಯ ದುಷ್ಟತನಗಳನ್ನು ಒಂದೊಂದಾಗಿ ನೆನೆಸಿಕೊಂಡರು. ನಡುವೆ ಒಂದು ಕಂತಿನ ಬಗ್ಗೆ ಇಬ್ಬರಿಗೂ ವಾದವಾಯಿತು. ಸೊಸೆಯ ಕೋಣೆಯ ಕೀಲಿ ಕದ್ದದ್ದು ಮಗಳ ಮದುವೆಗೆ ಮೊದಲೋ ಆಮೇಲೋ ಅಂತ. "ಆಮ್ಯಾಲೆ," ಅಂದೆ ನಾನು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದೆ.

ಹೊರಡುವಾಗ ನಾನೊಂದು ತಪ್ಪು ಮಾಡಿದೆ. ಸಾವಿನ ಮನೆಯಿಂದ ಏಳುವಾಗ ಹೇಳದೆ ಎದ್ದು ಬರಬೇಕು, "ಬರ್ತೇವಿ" ಅನ್ನಬಾರದು. ಹಾಗಂದರೆ ಇಂಥದೇ ಕಾರಣಕ್ಕೆ ಮತ್ತೆ ಬರುತ್ತೇವೆ ಅಂದ ಹಾಗೆ. ಕಾನ್ವೆಂಟಿನ ಮ್ಯಾನರ್ಸ್ ನನ್ನನ್ನು ಕೆಡಿಸಿದೆ. ಹೊಸ್ತಿಲಲ್ಲಿ ನಿಂತು, "ಬರ್ತೇವ್ರಿ ಶಿವಕ್ಕಾರ," ಅಂದೇಬಿಟ್ಟೆ. ನೀಲವ್ವ ನನ್ನ ತೋಳು ಚಿವುಟಿದಳು, ಎರಡು ದಿನ ಹಸಿರುಗಟ್ಟಿತ್ತು. ಶಿವಕ್ಕ ಮಾತ್ರ ಬಾಗಿಲ ಚೌಕಟ್ಟು ಹಿಡಿದು ಅಂದಳು: "ಬರ್ರಿ. ಖರೇನ ಬರ್ರಿ. ಆಕಿ ಕೆಟ್ಟಾಕಿ ಅಂತ ನಮ್ಮ ಓಣ್ಯಾಗ ಯಾರೂ ಮಾತಾಡ್ಸಾಕ ಬರಲಿಲ್ಲ. ನೀವ ಮೊದಲು."

ವಾಪಸು ಬರುವಾಗಲೂ ಬಸ್ಸಿನಲ್ಲಿ ನೀಲವ್ವ ಕಿಟಕಿಯ ಪಕ್ಕವೇ ಕೂತಿದ್ದಳು. ಸವಣೂರಿನ ಎಲೆ ತೋಟಗಳು ಕಾಣತೊಡಗಿದ ಮೇಲೆ ಅಂದಳು: "ಈಕಿದು ಬಗೀಹರೀತ್ರಿ ಅಕ್ಕಾರ. ಆದರ ನಮ್ಮ ಅತ್ತಿಗೆ ನಾ ಅಂದದ್ದು ಒಂದ ಸಲ. ಆಕಿಗೆ ಇದ್ದದ್ದೂ ಒಂದ ಅಮಾಸಿ."

ನಾನು ಬುತ್ತಿ ಕಟ್ಟಿದ್ದ ಬಟ್ಟೆಯನ್ನು ಮಡಚಿ ಆಕೆಯ ಕೈಗಿಟ್ಟೆ.

ಆಮೇಲೆ ಟೀವಿಯಲ್ಲಿ ಅದೇ ಅತ್ತೆಯ ಪಾತ್ರಕ್ಕೆ ಬೇರೊಬ್ಬಳನ್ನು ತಂದರು. ನೀಲವ್ವ ನೋಡಿದಳು, ಆದರೆ ಬೈಯಲಿಲ್ಲ. "ಅಲ್ಲವ್ವ ತಂಗಿ, ಯಾಕ ಹಂಗ ಮಾಡ್ತಿ?" ಎಂದು ಬುದ್ಧಿ ಹೇಳುತ್ತಿದ್ದಳು. ಕೇಳಲು ಬಹಳ ಬೋರಿಂಗ್. "ಒಂದ ಸಣ್ಣ ಬೈಗಳಾನರ ಬೈ, ನೀಲವ್ವ," ಎಂದು ನಾನೇ ಗೋಡೆ ತಟ್ಟಿ ಹೇಳಿದ್ದೂ ಉಂಟು. "ಬ್ಯಾಡ್ರಿ, ಆಕಿಗೂ ಮಕ್ಕಳು ಮರಿ ಇರ್ತಾವ," ಅನ್ನುವಳು. ಹಾಗೆ ಇಡೀ ಒಂದು ಚಳಿಗಾಲ ಕಳೆಯಿತು.

ಯುಗಾದಿಯ ನಂತರ ಆಕೆ ಹಿರೇಕೆರೂರಿಗೆ, ಮಗಳ ಮನೆಗೆ ಹೊರಟಳು. ಹದಿನೈದು ದಿನದಲ್ಲಿ ತಿರುಗಿ ಬರುವವಳಿದ್ದಳು. ಅಲ್ಲಿಯೇ, ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲವಂತೆ. ಹೀಗಾಗಿ ನಾನು ಆಕೆಯನ್ನು ಕೊನೆಗೆ ನೋಡಿದ್ದು ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ.

ಬಸ್ಸು ತುಂಬಿತ್ತು. ನೀಲವ್ವ ನೂಕಿಕೊಂಡು ಹತ್ತಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಳು. ದಪ್ಪ ಮೀಸೆಯ ಒಬ್ಬ ಮನುಷ್ಯ ಬಂದು, ತಾನು ಆಗಲೇ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟು ಅದು, ಏಳಬೇಕು ಅಂದ. "ವಯಸ್ಸಾದಾಕಿ ಅದೇನಿ, ಕುಂದ್ರತೇನ್ಯಪ್ಪ," ಅಂದಳು. ಅವನು ಆಕೆಯ ಚೀಲವನ್ನು ಎತ್ತಿ ಕೆಳಗಿಟ್ಟ. ನಾನು ಕಿಟಕಿಯ ಕೆಳಗೆ ನಿಂತು ನೋಡುತ್ತಿದ್ದೆ. ನೀಲವ್ವನ ಮುಖ ಕೆಂಪಾಯಿತು. ಈಗ "ಇರ್ಲಿ ಬಿಡ್ರಿ" ಅನ್ನುತ್ತಾಳೆ ಅಂದುಕೊಂಡೆ. ಬದಲಿಗೆ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಚೀರಿದಳು:

"ನಿನ್ನ ಟವೆಲ್ಲಿಗೆ ಬೆಂಕಿ ಹತ್ಲಿ! ನಿನ್ನ ಟವೆಲ್ಲಿಗೆ ಹುಳಾ ಬೀಳ್ಲಿ! ನಿನ್ನ ಟವೆಲ್ಲು ಈ ಅಮಾಸಿ ದಾಟಬ್ಯಾಡ!"

ಬಸ್ಸಿಗೆ ಬಸ್ಸೇ ನಕ್ಕಿತು. ಆ ಮನುಷ್ಯನೂ ನಕ್ಕು, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಸರಿದ. ಡ್ರೈವರ್ ಗಾಡಿ ಚಾಲೂ ಮಾಡಿದ. ನೀಲವ್ವ ಕಿಟಕಿಯ ಸರಳು ಹಿಡಿದು ಹೊರಗೆ ಬಗ್ಗಿದಳು. ಕಣ್ಣಲ್ಲಿ ಖುಷಿಯೂ ಇತ್ತು, ಗಾಬರಿಯೂ ಇತ್ತು.

"ಅಕ್ಕಾರ, ಟವೆಲ್ಲಿಗಷ್ಟ ಅಂದೇನ್ರಿ. ಅಂವಗ ಏನೂ ಅಂದಿಲ್ಲ. ನೀವ ಸಾಕ್ಷಿ!"

"ಸಾಕ್ಷಿ ಅದೇನಿ, ಹೋಗವ್ವ," ಅಂದೆ.