ಕಾಣಿಕೆಯ ರಸೀದಿ

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಬಸ್ಸಿನ ಡ್ರೈವರು ನನ್ನನ್ನು ಟೈಮು ಕೇಳಿದ್ದ. ಬಿ.ಎ. ಪಾಸಾದದ್ದಕ್ಕೆ ಅಪ್ಪ ಕೊಡಿಸಿದ ವಾಚು ನನ್ನ ಕೈಯಲ್ಲಿತ್ತು. ನಾನು ತೋಳು ಸರಿಸಿ ನೋಡಿ ಹೇಳಿದೆ. "ಹನ್ನೊಂದಕ್ಕೆ ಊಟಕ್ಕೆ ನಿಲ್ಸಾಣ ತಮ್ಮಾ" ಎಂದು ಅವನು ಅರೆಕ್ಷಣ ನನ್ನ ಕಡೆ ತಿರುಗಿದ. ಅಷ್ಟರಲ್ಲಿ ತಿರುವಿನಿಂದ ಲಾರಿಯೊಂದು ಬಂತು. ಅವನು ಬಸ್ಸನ್ನು ಎಡಕ್ಕೆ ಎಳೆದ. ಎಡಕ್ಕೆ ರಸ್ತೆ ಇರಲಿಲ್ಲ.

ಅಪ್ಪ, ಅಕ್ಕ, ನಾನು ನೇಪಾಳದಲ್ಲಿದ್ದೆವು. ಬೇಸಿಗೆ ರಜೆಯಲ್ಲಿ ಪಶುಪತಿನಾಥನ ದರ್ಶನಕ್ಕೆಂದು ಹರಿಹರದಿಂದ ಹೊರಟ ಬಸ್ಸು ಅದು. ಪರದೇಶಕ್ಕೆ ಹೋಗುತ್ತಿದ್ದೇನೆಂದು ಗೆಳೆಯರ ಮುಂದೆ ಕೊಚ್ಚಿಕೊಂಡು ಹೋಗಿದ್ದೆ. ಬಸ್ಸು ಜಾರಿ, ಒಂದು ಮರಕ್ಕೆ ಒರಗಿ ನಿಂತಿತು. ಕೆಳಗೆ ಕಣಿವೆ. ಕಲ್ಲುಗಳು ಒಂದೊಂದಾಗಿ ಬಿದ್ದು ತಳ ಮುಟ್ಟುವ ಸದ್ದು ತಡವಾಗಿ ಬರುತ್ತಿತ್ತು. ಯಾರೂ ಸಾಯಲಿಲ್ಲ. ಮುಂದೆ ಇದನ್ನು ಎಲ್ಲರೂ ನಮಗೆ ಮಾಡಿದ ಉಪಕಾರದಂತೆ ಹೇಳಿದರು. ಟ್ರಂಕುಗಳ ಅಡಿ ಸಿಕ್ಕಿ ಮುರಿದದ್ದು ಅಕ್ಕನ ಬಲಗಾಲು ಒಂದೇ.

ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಕಾಲಿನಿಂದ ತುಳಿಯುವ ಹೊಲಿಗೆ ಮಶೀನಿನಲ್ಲಿ ಕುಪ್ಪಸ ಹೊಲಿದು ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದಳು. ಗಡಿಯ ಆಸ್ಪತ್ರೆಯಲ್ಲಿ ಕೂಡಿಸಿದ ಮೂಳೆ ಸೊಟ್ಟಗೆ ಕೂಡಿತು. ಬೊಂಬಾಯಿಯಲ್ಲಿ ಆಪರೇಷನ್ ಮಾಡಿಸಿದರೆ ನೇರವಾಗುತ್ತದೆ, ಮತ್ತೆ ಮಶೀನು ತುಳಿಯಬಹುದು ಎಂದರು ದಾವಣಗೆರೆಯ ಡಾಕ್ಟರು. ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಪರಿಹಾರ ಕೇಳಲು ವಕೀಲರ ಬಳಿ ಹೋದದ್ದು ಅದಕ್ಕೇ.

"ಬಸ್ಸಿನ ಇನ್ಶೂರೆನ್ಸು ಗಡಿತನಕ. ದಾಟಿದ ಮ್ಯಾಲೆ ಅದು ಬರೀ ಕಾಗದ" ಎಂದರು ವಕೀಲರು. "ಆದ್ರೆ ಬಾಡಿಗೆ ತಗಂಡು ಕರ್ಕಂಡು ಹೋದ ಮಾಲೀಕ ಇಲ್ಲೇ ಅದಾನಲ್ರಿ. ಅವನ ಮ್ಯಾಲೆ ಹಾಕಾಣ. ರಸೀದಿ ಐತೇನ್ರಿ?"

ಇತ್ತು. ಅಪ್ಪ ಅದನ್ನು ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕ ಇಟ್ಟಿದ್ದ. ವಕೀಲರು ಎರಡು ಸಲ ಓದಿ ಕನ್ನಡಕ ತೆಗೆದರು. ಅದರಲ್ಲಿ ಬರೆದಿದ್ದದ್ದು: ಪಶುಪತಿನಾಥನ ಯಾತ್ರೆಗೆ ಕಾಣಿಕೆ.

ಬರೆಸಿದವನು ಅಪ್ಪನೇ. ಬಸ್ಸಿನ ಗುಮಾಸ್ತ ಬಾಡಿಗೆ ಎಂದು ಬರೆಯಲು ಹೊರಟಾಗ ಅವನ ಕೈ ಹಿಡಿದು, "ದೇವರ ದರ್ಶನಕ್ಕೆ ಬಾಡಿಗೆ ಎಂಥದ್ದಪ್ಪಾ? ಕಾಣಿಕೆ ಅಂತ ಬರಿ" ಎಂದಿದ್ದ. ಹಿಂದೆ ನಿಂತವರಿಗೂ ಆ ಮಾತು ಚೆಂದ ಕಂಡು ಎಲ್ಲರೂ ಹಾಗೇ ಬರೆಸಿದರು. ಬಾಡಿಗೆ ಕೊಟ್ಟು ಹೋದರೆ ಪುಣ್ಯ ಅರ್ಧವಾಗುತ್ತದೆ ಎಂದು ನಮ್ಮವರ ನಂಬಿಕೆ. ನಾನೂ ಪಕ್ಕದಲ್ಲಿದ್ದೆ. ಓದಿದವನು, ಸುಮ್ಮನಿದ್ದೆ.

ಮಾಲೀಕರನ್ನು ಒಮ್ಮೆ ಮುಖತಃ ಕೇಳಬೇಕೆಂದು ಅಕ್ಕ ಹಟ ಹಿಡಿದಳು. ಬಸ್ಸು ಹತ್ತಲೊಲ್ಲಳು, ರೈಲಿನಲ್ಲಿ ಹರಿಹರಕ್ಕೆ ಹೋದೆವು. ಸ್ಟೇಷನ್ನಿನಿಂದ ಅವರ ಮನೆಯವರೆಗೆ ನನ್ನ ಹೆಗಲು ಹಿಡಿದು ನಡೆದಳು.

"ಬಾರವ್ವ, ಕೂಡು. ಕಾಲು ಹೆಂಗೈತೆ?" ಎಂದರು ಮಾಲೀಕರು.

"ನೋಡಾಕೆ ಬಂದಿದ್ರೆ ಗೊತ್ತಾಗ್ತಿತ್ರಿ."

"ನಾನೇನು ಬಾಡಿಗೆ ತಗಂಡೀನೇನವ್ವ? ನಿಮ್ಮಪ್ಪನ್ನೇ ಕೇಳು. ಅವ್ರು ದೇವರಿಗೆ ಅಂತ ಕೊಟ್ರು, ನಾನು ದೇವರ ಸೇವೆ ಅಂತ ಬಸ್ಸು ಬಿಟ್ಟೆ."

"ಡೀಸೆಲ್ಲೂ ದೇವರೇ ಹಾಕ್ಸಿದ್ನೇನ್ರಿ?"

ಒಳಗಿನಿಂದ ಯಾರೋ ನಕ್ಕರು. ಮಾಲೀಕರು ನಗಲಿಲ್ಲ. "ಬೇಕಂದ್ರೆ ಧರ್ಮ ಅಂತ ಏನಾರ ಕೊಡ್ತೀನಿ, ತಗಂಡು ಹೋಗು."

"ಧರ್ಮ ಬ್ಯಾಡ್ರಿ" ಎಂದು ಅಕ್ಕ ಎದ್ದಳು. ಅವರು ತರಿಸಿದ್ದ ಚಹಾ ಹಾಗೇ ಉಳಿಯಿತು.

ಕೋರ್ಟಿಗೆ ಹೋಗುವ ಮುನ್ನ ವಕೀಲರು ಅಪ್ಪನಿಗೆ ತಿಳಿಹೇಳಿದರು. "ಯಜಮಾನ್ರೆ, ಕೊಟ್ಟದ್ದು ಬಾಡಿಗೆ, ಬರೆಸಿದ್ದು ಭಕ್ತಿಗೆ ಅನ್ರಿ. ಸುಳ್ಳೇನಲ್ಲ. ಇಷ್ಟು ಅಂದ್ರೆ ಮಗಳ ಕಾಲು ಉಳೀತೈತೆ." ಅಪ್ಪ ತಲೆಯಾಡಿಸಿದ. ಕಟಕಟೆಯಲ್ಲಿ ನಿಂತಾಗ ಅವನ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಆ ಕೈ ನೋಡಿದಾಗಲೇ ನನಗೆ ಗೊತ್ತಾಯಿತು.

"ದೇವರಿಗೆ ಕೊಟ್ಟೀನ್ರಿ. ಈಗ ಅದನ್ನ ಬಾಡಿಗೆ ಅಂತ ಹೆಂಗೆ ಅನ್ಲಿ?"

ಅಕ್ಕ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳು ಅಪ್ಪನನ್ನು ನೋಡಲಿಲ್ಲ, ತನ್ನ ಕಾಲನ್ನು ನೋಡಿಕೊಂಡಳು.

ಆಮೇಲೆ ನನ್ನ ಸರದಿ. ಆ ಕಡೆಯ ವಕೀಲರು ನಯವಾಗಿ ಕೇಳಿದರು: ಡ್ರೈವರು ಟೈಮು ಕೇಳಿದ್ದು ನಿಜವೇ? ನಿಜ. ನೀವು ಹೇಳಿದಿರಾ? ಹೇಳಿದೆ. ಅವನು ನಿಮ್ಮ ಕಡೆ ತಿರುಗಿದನೇ? ತಿರುಗಿದ. ಅವರು ನ್ಯಾಯಾಧೀಶರ ಕಡೆ ನೋಡಿ ಕೂತುಬಿಟ್ಟರು. ದಾವೆ ವಜಾ ಆದದ್ದು ನನ್ನ ಮಾತಿನಿಂದಲ್ಲ, ರಸೀದಿಯಿಂದ ಎಂದು ನಮ್ಮ ವಕೀಲರು ಆಮೇಲೆ ಎಷ್ಟೋ ಸಲ ಹೇಳಿದರು. ಆದರೂ ರಾತ್ರಿ ಕಣ್ಣು ಹತ್ತುವಾಗ ನಾನು ಮತ್ತೆ ತೋಳು ಸರಿಸುತ್ತಿದ್ದೆ, ಅವನು ಮತ್ತೆ ತಿರುಗುತ್ತಿದ್ದ, ಕಲ್ಲುಗಳು ಬೀಳುತ್ತಿದ್ದವು. ಎದ್ದು ಕೂತರೆ ಆಚೆ ಕೋಣೆಯಲ್ಲಿ ಅಕ್ಕನೂ ಎಚ್ಚರವಿರುವುದು ತಿಳಿಯುತ್ತಿತ್ತು. ವಾಚು ಕಟ್ಟುವುದನ್ನು ಬಿಟ್ಟೆ.

ಸುಮಾರು ಒಂದು ವರ್ಷ ಮಶೀನಿನ ಮೇಲೆ ಬಟ್ಟೆ ಹೊದಿಸಿಯೇ ಇತ್ತು. ಒಂದು ದಿನ ಅಕ್ಕ ಮಶೀನು ರಿಪೇರಿಯ ಸಾಬರನ್ನು ಕರೆಸಿದಳು. ಅವರು ಬೆಲ್ಟು ಬಿಚ್ಚಿ, ಗಾಲಿಗೆ ಒಂದು ಹಿಡಿಕೆ ಕೂಡಿಸಿದರು. "ಕಾಲಿನ ಕೆಲಸ ಕೈ ಮಾಡ್ತೈತೆ ಬೆಹನ್, ಸ್ವಲ್ಪ ನಿಧಾನ ಅಷ್ಟೇ" ಎಂದರು. ಬಲಗೈಯಲ್ಲಿ ತಿರುಗಿಸುತ್ತ, ಎಡಗೈ ಒಂದರಿಂದಲೇ ಬಟ್ಟೆ ಸಾಗಿಸಬೇಕು. ಮೊದಲ ಹೊಲಿಗೆ ಸೊಟ್ಟಗೆ ಬಂತು. ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ದೀಪ ಹಚ್ಚುವ ಹೊತ್ತಿಗೆ ಕುಪ್ಪಸದ ಒಂದು ತೋಳು ಮುಗಿದಿತ್ತು.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ನನ್ನ ಮ್ಯಾಲೆ ಸಿಟ್ಟೈತೇನವ್ವ?" ಎಂದ.

ಅಕ್ಕ ಗಾಲಿ ನಿಲ್ಲಿಸಲಿಲ್ಲ. "ಐತಪ್ಪಾ" ಎಂದಳು.

ಅಷ್ಟು ದಿನ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆ ರಾತ್ರಿ ನನಗೆ ನಡುವೆ ಎಚ್ಚರವಾಗಲಿಲ್ಲ. ಬೆಳಿಗ್ಗೆ ನಾನೆದ್ದಾಗ ಬಿಸಿಲು ಒಳಗೆ ಬಂದಿತ್ತು, ಅಕ್ಕ ಇನ್ನೂ ಮಲಗಿದ್ದಳು. ಅಪ್ಪನಿಗೆ ನಿದ್ದೆ ಬಂದಿತ್ತೋ ಇಲ್ಲವೋ, ನಾವಿಬ್ಬರೂ ಕೇಳಲಿಲ್ಲ.