ಹಾಸಿಗೆಯ ಕೆಳಗಿನ ಟವೆಲ್

ಕಿಟಕಿಯ ಗಾಜಿಗೆ ಬೆಳಕು ಇನ್ನೂ ಸರಿಯಾಗಿ ತಾಕಿಲ್ಲ. ಮಕ್ಕಳ ವಾರ್ಡಿನ ಆಯಾ ತಳ್ಳುಗಾಡಿಯ ಜೊತೆ ಮಂಚದಿಂದ ಮಂಚಕ್ಕೆ ಹೋಗುತ್ತಾ ಕೊಳೆಬಟ್ಟೆ ಎತ್ತುತ್ತಿದ್ದಾರೆ. ಇಲ್ಲಿ ಎಲ್ಲರಿಗೂ ಅವರು ದೊಡ್ಡಮ್ಮ. ಕಿಟಕಿ ಪಕ್ಕದ ಮಂಚದ ಬಳಿ ಅವರ ಗಾಡಿ ನಿಲ್ಲುತ್ತದೆ.

"ಏನಮ್ಮ, ಪುಟ್ಟಿಯ ಹಳದಿ ಟವೆಲ್ ಕಾಣ್ತಿಲ್ವಲ್ಲ?"

"ಒಗೆಯೋಕೆ ಹಾಕಿದೀನಿ ದೊಡ್ಡಮ್ಮ," ಎನ್ನುತ್ತಾಳೆ ತಾಯಿ.

"ಒಗೆಯೋಕೆ ಒಯ್ಯೋಳು ನಾನು. ನನಗೇ ಹೇಳ್ದೆ ಅದೇ ನಡ್ಕೊಂಡು ಹೋಯ್ತಾ?"

ಆರು ವರ್ಷದ ಪುಟ್ಟಿ ಕಿಸಕ್ಕನೆ ನಕ್ಕು ಹಾಸಿಗೆಯ ಕೆಳಗೆ ಬೆರಳು ತೋರಿಸುತ್ತಾಳೆ. ಅಲ್ಲಿದೆ ಟವೆಲ್, ಒದ್ದೆಯಾಗಿ. ವಾಂತಿಯ ನಡುವೆ ಅರ್ಧ ಕರಗಿದ ಕ್ಯಾಪ್ಸೂಲು.

ಈ ವಾರ್ಡಿನ ಮಕ್ಕಳಿಗೆ ಮಿದುಳಿನ ಗೆಡ್ಡೆ. ಆಪರೇಷನ್ ಆದ ಮೇಲೂ ಮರಳಿ ಬಂದದ್ದು. ಹೊಸ ಔಷಧಿಯೊಂದು ಇವರಿಗೆ ಒಗ್ಗುತ್ತದೆಯೇ, ಗೆಡ್ಡೆಯನ್ನು ತಡೆಯುತ್ತದೆಯೇ ಎಂದು ಇಲ್ಲಿ ಪರೀಕ್ಷೆ ನಡೆಯುತ್ತಿದೆ. ಮಗು ವಾಂತಿ ಮಾಡಿದರೆ ತಕ್ಷಣ ಹೇಳಬೇಕು. ಹೇಳಿದರೆ ಮಗುವನ್ನು ಪರೀಕ್ಷೆಯಿಂದ ಕೈಬಿಡುತ್ತಾರೇನೋ ಎಂದು ಹೆತ್ತವರು ಬಚ್ಚಿಡುತ್ತಾರೆ.

"ಇದೂ ತಪ್ಪಿಹೋದ್ರೆ ನಾವು ಎಲ್ಲಿಗೆ ಹೋಗೋದು?" ಎನ್ನುತ್ತಾಳೆ ತಾಯಿ.

ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂರುತ್ತಾರೆ. "ತೆಗೆಯಲ್ಲ ಅಂತ ನಾನು ಮಾತು ಕೊಡಕ್ಕಾಗಲ್ಲ ಮಗಾ. ಆದ್ರೆ ಆಚೆ ಬಂದಿರೋ ಔಷಧಿ ಹೊಟ್ಟೇಲಿದೆ ಅಂದ್ಕೊಂಡ್ರೆ ಡಾಕ್ಟರು ದಾರಿ ತಪ್ತಾರೆ. ನಿನ್ನ ಮಗಳಿಗೂ ಮೋಸ, ನಾಳೆ ಬರೋ ಮಕ್ಕಳಿಗೂ ಮೋಸ. ಏಳು, ಇಬ್ರೂ ಹೋಗೋಣ."

ನರ್ಸಿನ ಮೇಜಿನವರೆಗೆ ದೊಡ್ಡಮ್ಮ ಜೊತೆಗೆ ಹೋಗುತ್ತಾರೆ, ಆದರೆ ಅಲ್ಲಿ ಬಾಯಿ ಬಿಡುವುದಿಲ್ಲ. ಟವೆಲನ್ನು ಮುಟ್ಟುವುದೂ ಇಲ್ಲ. ಕೊಡುವವಳು, ಹೇಳುವವಳು ತಾಯಿಯೇ. "ನಾನು ಹೇಳಿದ್ರೆ ಚಾಡಿ," ಎನ್ನುತ್ತಾರೆ ಆಮೇಲೆ. "ತಾಯಿ ಹೇಳಿದ್ರೆ ಅದೂ ಒಂದು ಮದ್ದು."

ಮೊದಲು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಕೈಗಳು ದೊಡ್ಡಮ್ಮನವು. ಈಗ ಬ್ಲೀಚಿಂಗ್ ನೀರಿಗೆ ಬಿರುಕು ಬಿಟ್ಟಿವೆ. ಮಂಡಿ ನೋವು ಬೇರೆ. "ಮನೇಲೂ ಅತ್ತೆ ಹಾಸಿಗೆ ಎತ್ತಿ ನೋಡ್ತಾರೆ" ಎಂದು ಸೊಸೆ ಛೇಡಿಸುತ್ತಾಳಂತೆ. ಹೇಳಿಕೊಂಡು ತಾವೇ ನಗುತ್ತಾರೆ. ಕೆಲವು ಮಂಚಗಳು ಇದ್ದಕ್ಕಿದ್ದಂತೆ ಖಾಲಿಯಾಗುತ್ತವೆ. ಅಲ್ಲಿನ ಹೊದಿಕೆಯನ್ನು ಮಾತ್ರ ಅವರು ಗಾಡಿಗೆ ಎಸೆಯದೆ ಮಡಚಿ ಇಡುತ್ತಾರೆ.

ಮಧ್ಯಾಹ್ನ ಸ್ಕ್ಯಾನ್ ನೋಡಿದ ಡಾಕ್ಟರು ಬರುತ್ತಾರೆ. ಗೆಡ್ಡೆ ಬೆಳೆದಿಲ್ಲ, ವಾಂತಿಗೆ ಕಾರಣ ಔಷಧಿ ಹೆಚ್ಚಾಗಿರುವುದು. ಎರಡು ದಿನ ನಿಲ್ಲಿಸಿ, ಆಮೇಲೆ ಪ್ರಮಾಣ ಇಳಿಸಿ ಮುಂದುವರಿಸಬಹುದು. ಮುಂದೇನಾಗುತ್ತದೋ ಅವರಿಗೂ ಗೊತ್ತಿಲ್ಲ. ತಾಯಿ ಗೋಡೆಗೆ ಒರಗಿ ಉಸಿರು ಬಿಡುತ್ತಾಳೆ.

ಮರುದಿನ ಬೆಳಿಗ್ಗೆ ಒಗೆದ ಹಳದಿ ಟವೆಲ್ ಎಲ್ಲರಿಗೂ ಕಾಣುವಂತೆ ಮಂಚದ ಕಂಬಿಯ ಮೇಲಿದೆ. ನಿಮಗೇನು ಆಸೆ ಎಂದು ಕೇಳಿದರೆ ದೊಡ್ಡಮ್ಮ ಗಾಡಿ ತಳ್ಳುತ್ತಲೇ ಹೇಳುತ್ತಾರೆ:

"ನನಗೇನಮ್ಮ ಆಸೆ? ಹಾಸಿಗೆ ಎತ್ತಿದ್ರೆ ಕೆಳಗೆ ಏನೂ ಬಚ್ಚಿಟ್ಟಿರ್ಬಾರ್ದು, ಬರೀ ಮಂಚ ಕಾಣ್ಬೇಕು."